ಪಂಚಮಿಗೆ ಒಂದೇ ದಿನ

ಕಲಬುರಗಿಯಿಂದ ಕಮಲಾಪುರಕ್ಕೆ ಹೊರಟ ಬಸ್ಸಿನಲ್ಲಿ ಅನುರಾಧಾ ಕಿಟಕಿಗೆ ತಲೆಯಾನಿಸಿ ತೂಕಡಿಸುತ್ತಿದ್ದಳು. ಮುಂದಿನ ಸೀಟಿನಲ್ಲಿ ಅಣ್ಣನೊಬ್ಬ ತಂಗಿಯನ್ನು ಪಂಚಮಿಗೆ ತವರಿಗೆ ಕರೆದೊಯ್ಯುತ್ತಿದ್ದ. ಅವರ ಮಾತಿನಲ್ಲಿ ಹಾವು ಬಂದದ್ದೇ ತಡ, ಅನುರಾಧಾಳ ನಿದ್ದೆ ಹಾರಿಹೋಯಿತು.

“ನಾಳೆನೇ ವಾಪಸ್ ಅಂದ್ರ ಹೆಂಗ, ಕಸ್ತೂರಿ? ಅವ್ವ ಜೋಕಾಲಿ ಕಟ್ಟಿಸ್ಯಾಳ.”

“ಏನ್ ಮಾಡ್ಲಣ್ಣ, ಮನ್ಯಾಗ ಸಾಕಿದ ಆ ಪರದೇಶದ ಹಾವು ಅದ ಅಲ್ಲಾ.”

“ತಂದಾಂವ ನಿನ್ನ ಗಂಡ. ಅಂವನೇ ನೋಡ್ಕೊಳ್ಳಲಿ.”

“ಅವರು ಕೈ ಹಾಕಿದ್ರ ಬುಸ್ ಅಂತದ. ನನ್ನ ಕೈಗಷ್ಟೇ ರೂಢಿ ಆಗ್ಯದ. ಅದಕ್ಕೇ ನನ್ನ ಎಲ್ಲೂ ಕಳಸಂಗಿಲ್ಲ ಅಂತಾರ.”

“ನೀ ಹೆಂಗ ರೂಢಿ ಮಾಡ್ದಿ?”

“ನನ್ನ ಹಳೀ ಸೀರಿ ತುಂಡು ಅದರ ಗಾಜಿನ ಪೆಟಗಿಯಾಗ ಇಟ್ಟೆ, ವಾಸನಿ ತಿಳೀಲಂತ. ಮೊದಲ ಮುಟ್ಟಲೇ ಇಲ್ಲ, ಸುಮ್ನ ಹತ್ರ ಕುಂತೆ. ಆಮ್ಯಾಲ ಬಾಜೂದಿಂದ ಕೈ ಒಡ್ಡಿದೆ, ತಾನೇ ಬಂದು ಹತ್ತಿತು. ಮ್ಯಾಲಿಂದ ಕೈ ಬಂದ್ರ ಹದ್ದು ಬಂತಂತ ಅಂಜತದ.”

“ಅಂಜಿದ್ರ ಕಡೀತದೇನು?”

“ಇಲ್ಲಣ್ಣ. ತಲಿ ಒಳಗ ಮುಚ್ಕೊಂಡು ಉಂಡಿ ಆಗ್ತದ.”

ಕಂಡಕ್ಟರ್ ಕಮಲಾಪುರ ಎಂದು ಕೂಗಿದ. ಎದ್ದು ನಿಂತ ಅಣ್ಣ, ತಂಗಿಯ ತಲೆಯ ಮೇಲ್ಗಡೆ ಹಲಗೆಯಲ್ಲಿದ್ದ ಚೀಲ ತೆಗೆಯಲು ಥಟ್ಟನೆ ಕೈ ಎತ್ತಿದ. ಕಸ್ತೂರಿ ಎರಡೂ ತೋಳಿನಲ್ಲಿ ತಲೆ ಮುಚ್ಚಿಕೊಂಡು ಸೀಟಿನಲ್ಲಿ ಮುದುಡಿದಳು.

ಅವನ ಕೈ ಅಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಕೆಳಗಿಳಿದು, ಬದಿಯಿಂದ ಅವಳೆದುರು ಚಾಚಿಕೊಂಡಿತು.

“ಏಳವ್ವ.”

ತುಸು ಹೊತ್ತಿನ ಮೇಲೆ ಅವಳು ಆ ಕೈ ಹಿಡಿದಳು. ಮೆಟ್ಟಿಲು ಇಳಿಯುತ್ತ ಕೇಳಿದಳು:

“ನಾಳೆ ಮುಂಜಾನಿ ಮೊದಲನೇ ಬಸ್ ಎಷ್ಟಕ್ಕದ, ಅಣ್ಣ?”