ಕಿನ್ನಿ ಮರ ಇಳಿಯಲಿಲ್ಲ

ವಾಸಪ್ಪಣ್ಣನ ಮನೆಯವರಾದ ರಾಜೀವಿಯಕ್ಕ, ಮಗಳು ತೃಪ್ತಿ, ಬಾಯಾರು ಊರಿನ ಹಿರಿಯರೇ, ಕೆಲಸ ಬಿಟ್ಟು ಬಂದು ಕೂತ ಎಲ್ಲರಿಗೂ ನಮಸ್ಕಾರ. ನಾನು ಮುಳ್ಳೇರಿಯದ ವಿಷ್ಣುಪ್ರಸಾದ, ಪಶುವೈದ್ಯ. ಬೋರ್ನಿಯೋದಲ್ಲಿ ಅನಾಥ ಒರಾಂಗುಟಾನ್ ಮರಿಗಳನ್ನು ಸಾಕಿ ಕಾಡಿಗೆ ಬಿಡುವ ಕೇಂದ್ರದಲ್ಲಿ ವಾಸಪ್ಪಣ್ಣನ ಜೊತೆ ಒಂಬತ್ತು ವರ್ಷ ಕೆಲಸ ಮಾಡಿದವ. ಕಳೆದ ತಿಂಗಳು ಜ್ವರದಲ್ಲಿ ಅವರು ತೀರಿಕೊಂಡಾಗ ಪಕ್ಕದಲ್ಲಿ ಇದ್ದವನೂ ನಾನೇ.

ಶ್ರದ್ಧಾಂಜಲಿ ಸಭೆಯಲ್ಲಿ ಸಿಟ್ಟು ಮಾಡಬಾರದು, ಗೊತ್ತುಂಟು. ಆದರೆ ಈಗ ಒಳಗೆ ಬರುವಾಗ ಒಬ್ಬರು ಹೇಳಿದರು — "ಜನ ಗಲ್ಫಿಗೆ ಹೋಗಿ ಮನೆ ಕಟ್ಟಿದರು. ಇವ ಮಂಗ ಸಾಕಲಿಕ್ಕೆ ಹೋಗಿ ಸತ್ತ. ಎಂತ ಸಿಕ್ಕಿತು ಮಾರಾಯ?" ಹೆಸರು ಹೇಳುವುದಿಲ್ಲ. ಅವರು ಇಲ್ಲೇ ಇದ್ದಾರೆ. ಕೇಳಲಿ. ಎಂತ ಸಿಕ್ಕಿತು ಅಂತ ಹೇಳಲಿಕ್ಕೇ ನಾನು ನಿಂತದ್ದು.

ವಾಸಪ್ಪಣ್ಣ ನಿಮ್ಮ ತೋಟಗಳಲ್ಲಿ ಕಾಲಿಗೆ ಹಗ್ಗದ ತಳೆ ಹಾಕಿ ಮರ ಹತ್ತಿ ಅಡಿಕೆ ಕೊಯ್ದವರು. ಒಂದು ಮರ ಹತ್ತಿದರೆ ಮತ್ತೆ ನೆಲ ಮುಟ್ಟುವುದಿಲ್ಲ — ಹೀಗೆ, ತುದಿಯಲ್ಲಿ ಕೂತು ಮರವನ್ನು ತೂಗಿ, ತೂಗಿ, ಪಕ್ಕದ್ದು ಕೈಗೆ ಸಿಕ್ಕಿದ ಕೂಡಲೇ ದಾಟಿಬಿಡುವುದು! ಒರಾಂಗುಟಾನ್ ಕೂಡ ಕಾಡಿನಲ್ಲಿ ಹೀಗೆಯೇ ದಾಟುವುದು. ತಾಯಿ ಕಲಿಸಬೇಕು. ತಾಯಿಯನ್ನು ಕೊಂದು, ಕಾಡು ಕಡಿದು, ಎಣ್ಣೆತಾಳೆ ನೆಟ್ಟ ಮೇಲೆ ಯಾರು ಕಲಿಸುವುದು? ಡಿಗ್ರಿ ಇದ್ದ ನಾವು ಹಗ್ಗ ಕಟ್ಟಿ, ಏಣಿ ಇಟ್ಟು ಸೋತಿದ್ದೆವು. ರಜೆಯಲ್ಲಿ ಊರಿಗೆ ಬಂದ ನಾನು ಇವರನ್ನು ಕರೆದುಕೊಂಡು ಹೋದೆ. ಮುಂಡು ಎತ್ತಿ ಕಟ್ಟಿದರು, ಮರಿಯನ್ನು ಬೆನ್ನಿಗೆ ಹಾಕಿಕೊಂಡರು, ಹತ್ತಿದರು. ಅಷ್ಟೆ.

ಇದ್ದವುಗಳಲ್ಲೆಲ್ಲ ಸಣ್ಣ ಮರಿಗೆ, ತುಳುವಿನಲ್ಲಿ ಸಣ್ಣದಕ್ಕೆ ಹೇಳುವ ಹಾಗೆ, ಕಿನ್ನಿ ಅಂತಲೇ ಹೆಸರಿಟ್ಟರು. ಆದ ತಪ್ಪನ್ನೂ ಹೇಳುತ್ತೇನೆ, ಮುಚ್ಚಿಡುವುದಿಲ್ಲ. ಗೊನೆ ಇಳಿಸುವ ಮೊದಲು ಮರದ ತುದಿಯಿಂದ "ಕೂ..." ಹಾಕುವುದುಂಟಲ್ಲ, ಕೆಳಗಿದ್ದವರು ತಯಾರಾಗಲಿಕ್ಕೆ? ಆ ಅಭ್ಯಾಸ ಅವರನ್ನು ಅಲ್ಲಿಯೂ ಬಿಡಲಿಲ್ಲ. ಕೂ ಹಾಕಿದರೆ ಕಿನ್ನಿ ಎಲ್ಲಿದ್ದರೂ ಬಂದು ಕೊರಳಿಗೆ ಜೋತು ಬೀಳುತ್ತಿತ್ತು. ನಾವೆಲ್ಲ ನಕ್ಕೆವು, ಚಪ್ಪಾಳೆ ತಟ್ಟಿದೆವು. ಕಾಡಿಗೆ ಬಿಟ್ಟ ಹನ್ನೊಂದನೆಯ ದಿನ ಮರ ಕಡಿಯುವವರು ತಮ್ಮೊಳಗೆ ಹಾಗೆಯೇ ಕೂಗಿಕೊಂಡರು. ವಾಸಪ್ಪಣ್ಣನೇ ಕರೆದದ್ದು ಅಂತ ಕಿನ್ನಿ ಇಳಿದು ಹೋಯಿತು. ಅವರು ಕತ್ತಿ ಬೀಸಿದರು. ನಮ್ಮ ಕೈಗೆ ಸಿಗುವಾಗ ಎಡಗೈಯ ಎರಡು ಬೆರಳು ಇರಲಿಲ್ಲ.

ನಾನು ಹೊಲಿಗೆ ಹಾಕುತ್ತಿದ್ದೆ. ವಾಸಪ್ಪಣ್ಣ ಬಾಗಿಲಲ್ಲಿ ನಿಂತು ಹೇಳಿದರು — "ಡಾಕ್ಟ್ರೇ, ಇದು ನನ್ನ ಬಾಯಿಯಿಂದ ಆದದ್ದು. ಇನ್ನು ಅದರ ಎದುರು ನಾನು ಬಾಯಿ ಬಿಡುವುದಿಲ್ಲ."

ಎರಡು ವರ್ಷ! ಜೊತೆಗೆ ಹತ್ತುವುದು, ಸಂಜೆ ಕೊಂಬೆ ಬಗ್ಗಿಸಿ ಗೂಡು ಕಟ್ಟಿ ತೋರಿಸುವುದು — ಎಲ್ಲ ಮೂಕವಾಗಿ. ಅಪ್ಪಿಕೊಳ್ಳಲು ಬಂದರೆ ಮುಖ ತಿರುಗಿಸುವುದು. ಆಮೇಲೆ ಮರದ ಹಿಂದೆ ಹೋಗಿ ಅಳುವುದು. ನಾನು ನೋಡಿದ್ದೇನೆ. ಸಾಕಿದವನೇ "ನನ್ನನ್ನು ನಂಬಬೇಡ" ಅಂತ ಕಲಿಸಬೇಕು. ನಿಮ್ಮಲ್ಲಿ ಯಾರಿಗಾದರೂ ಆಗುತ್ತದಾ? ನನಗೆ ಆಗುತ್ತಿರಲಿಲ್ಲ.

ಮತ್ತೆ ಕಾಡಿಗೆ ಬಿಟ್ಟೆವು. ಈ ವರ್ಷ ಜನವರಿಯಲ್ಲಿ ನೋಡಲು ಹೋದೆವು. ಎತ್ತರದಲ್ಲಿ ಕೂತಿತ್ತು, ಮೂರೇ ಬೆರಳಿನ ಕೈ. ನಮ್ಮನ್ನು ನೋಡಿತು. ವಾಸಪ್ಪಣ್ಣ ನನ್ನ ತೋಳು ಹಿಡಿದುಕೊಂಡರು. ಇಳಿದು ಬಂದರೆ ಎಲ್ಲ ಮುಗಿಯಿತು — ಆಗ ಅದು ಒಣ ಕೊಂಬೆಯೊಂದನ್ನು ಮುರಿದು ಬೀಸಿ ಒಗೆಯಿತು. ಇವರ ಹಣೆಗೇ ಬಿತ್ತು. ರಕ್ತ ಬಂತು. ಕಿನ್ನಿ ಮರ ತೂಗಿ, ಪಕ್ಕದ್ದಕ್ಕೆ ದಾಟಿ ಹೊರಟುಹೋಯಿತು. ವಾಸಪ್ಪಣ್ಣ ಹಣೆ ಒರೆಸಿಕೊಂಡು ಕುಣಿದರು — "ನಮ್ಮನ್ನು ಓಡಿಸಿತು ಡಾಕ್ಟ್ರೇ! ಇನ್ನು ಅದು ಬದುಕ್ತದೆ!"

ಅವರಿಗೆ ಸಿಕ್ಕಿದ್ದು ಇದು. ಹಣೆಯಲ್ಲಿ ಒಂದು ಗಾಯ. ಯಾರ ಟೆರೇಸ್ ಮನೆಯ ಎದುರಲ್ಲಾದರೂ ನಿಂತು ನಾನು ಇದನ್ನು ತಲೆ ಎತ್ತಿ ಹೇಳುತ್ತೇನೆ. ಅಲ್ಲಿ ಇನ್ನೂ ಹದಿನಾಲ್ಕು ಮರಿ ಉಂಟು. ನಾಳೆ ಬೆಳಿಗ್ಗೆ ಬೋಜಣ್ಣನ ತೋಟದಲ್ಲಿ, ಈ ಐವತ್ತರ ಪ್ರಾಯದಲ್ಲಿ, ನಾನು ತಳೆ ಹಾಕಿ ಹತ್ತಲು ಕಲಿಯುತ್ತೇನೆ. ನಗುವವರು ಬಂದು ನಗಲಿ.

ಈಗ ಎಲ್ಲರೂ ಎದ್ದು ನಿಲ್ಲಿ. ಒಂದು ನಿಮಿಷ ಬಾಯಿ ಮುಚ್ಚಿ ನಿಲ್ಲುವುದು ನಮಗೆ ಕಷ್ಟವಾಗಲಾರದು. ಕಿನ್ನಿಯನ್ನು ಕಣ್ಣೆದುರು ಇಟ್ಟುಕೊಂಡು ವಾಸಪ್ಪಣ್ಣ ಎರಡು ವರ್ಷ ಹಾಗೆ ನಿಂತಿದ್ದಾರೆ.