ಮೊಲದ ಗೂಡಿಗೆ ಐದಡಿ ಬಾಗಿಲು

ಮುರಿದ ಗೇಟಿನ ಕೀಲು ಹಿಡಿದು ವೆಲ್ಡಿಂಗ್ ಅಂಗಡಿಯಲ್ಲಿ ತಮ್ಮ ಸರದಿಗಾಗಿ ಚಡಪಡಿಸುತ್ತ ನಿಂತಿದ್ದ ಮೇಷ್ಟ್ರ ಕಿವಿಗೆ, ತಮಗಿಂತ ಮೊದಲು ಬಂದಿದ್ದ ಹೆಂಗಸನ್ನು ವೆಲ್ಡರ್ ಕೇಳಿದ ಮಾತು ಬಿತ್ತು.

“ಮೊಲದ ಗೂಡಿಗೆ ಐದಡಿ ಬಾಗಿಲು ಯಾಕಮ್ಮಾ?”

“ನಮ್ಮತ್ತೆ ಒಳಗೆ ಹೋಗಿ ಕೂರೋಕೆ.”

ವೆಲ್ಡರ್ ಟೇಪು ಕೆಳಗಿಟ್ಟ.

“ಹೋದ ವಾರ ಚಿಲಕ ಹಾಕೋದು ಮರೆತುಬಿಟ್ರು. ನಾಯಿ ಬಂದು ಒಂದು ಮೊಲಾನ ಕಚ್ಕೊಂಡು ಹೋಯ್ತು. ಅವತ್ತಿಂದ ಊಟ ತಿಂಡಿ ಬಿಟ್ಟು ಉಳಿದೆರಡನ್ನ ಕಾಯ್ತಾ ಕೂತಿದ್ದಾರೆ.”

“ನಾಯಿ ಕೆರೆದು ನುಗ್ಗದ ಹಾಗೆ ನೆಲದೊಳಕ್ಕೂ ಒಂದಡಿ ಜಾಲರಿ ಇಳಿಸ್ತೀನಿ. ಬಾಗಿಲು ಮುಚ್ಚಿದ್ರೆ ತಾನಾಗೇ ಬೀಳೋ ಚಿಲಕ ಇದೆ, ಒಳಗಿಂದಲೂ ತೆಗೀಬಹುದು.”

“ಅದನ್ನೇ ಹಾಕಿ. ಜೊತೆಗೆ ಕೈಯಲ್ಲಿ ಹಾಕೋ ಮಾಮೂಲಿ ಚಿಲಕಾನೂ ಇರಲಿ.”

“ಒಂದೇ ಸಾಕಲ್ಲಮ್ಮಾ?”

“ಮೊಲಕ್ಕೆ ಸಾಕು. ಕೈಯಾರೆ ಹಾಕಿದೆ ಅನ್ನೋ ಸಮಾಧಾನ ಅತ್ತೆಗೆ ಬೇಕಲ್ಲ.”

ಇಬ್ಬರೂ ಜಾಲರಿ ಆರಿಸಲು ಹಿತ್ತಲಿಗೆ ಹೋದರು. ಮೇಷ್ಟ್ರು ಸ್ಟೂಲೆಳೆದು ನಿಧಾನವಾಗಿ ಕೂತರು.