ಹಂಚಿ ಆದ ಫಾರಂ

ದಕ್ಷಿಣ ಆಫ್ರಿಕಾದ ಬ್ಲೂಮ್‌ಫಾಂಟೇನ್‌ನಲ್ಲಿ ಆಳುವ ಪಕ್ಷದ ಸಮ್ಮೇಳನ. ಊಟದ ಸಾಲಿನ ಬಾಲ ಪಕ್ಕದ ಪ್ರಾಂತ್ಯದಲ್ಲಿತ್ತು. ಅಲ್ಲಿ ನನ್ನ ಮುಂದೆ ಇಬ್ಬರು ಹಳೇ ಗೆಳೆಯರು ನಿಂತಿದ್ದರು, ಲೆಫಾ ಮತ್ತು ತೆಬೊಹೊ.

“ಬಿಳಿಯರ ಜಮೀನು ಪುಕ್ಕಟೆ ಕಿತ್ಕೊಂಡು ಹಂಚ್ಬೇಕು ಅಂತ ಮೈಕಲ್ಲಿ ಗುಡುಗಿದ್ಯಲ್ಲ ಕಾಮ್ರೇಡ್,” ಎಂದ ಲೆಫಾ. “ನಿನ್ನ ಫಾರಂ?”

“ಅದು ಆಗ್ಲೇ ಹಂಚಿ ಆಯ್ತಲ್ಲಪ್ಪ.”

“ಯಾರಿಗೆ?”

“ನಂಗೆ.”

“ಜೈಲಲ್ಲಿ ಇಬ್ರೂ ಒಂದೇ ಕಂಬಳಿ ಹೊದ್ದಿದ್ವಿ. ಈಗ ನಿಂಗೆ ಮುನ್ನೂರು ಹಸು, ನಂಗೆ ಪಕ್ಷದ ಟೀಶರ್ಟು. ಊಟ ಆದ್ಮೇಲೆ ಮೈಕ್ ಹಿಡಿದು ಎಲ್ಲಾ ಹೇಳ್ತೀನಿ.”

“ಹೇಳು. ಪಕ್ಕದ ಫಾರಂ ಕೊಡೋಕೆ ಮಂತ್ರಿಗಳು ಒಂದು ಹೆಸರು ಕೇಳಿದ್ರು. ನಿಂದು ಕೊಟ್ಟಿದ್ದೆ.”

ಲೆಫಾ ದನಿ ತಗ್ಗಿಸಿದ.

“ನಿನ್ನದಕ್ಕಿಂತ ದೊಡ್ಡದಾ?”

“ಒಂಚೂರು ಚಿಕ್ಕದು.”

“ಹಾಗಾದ್ರೆ ಈಗ್ಲೇ ಹೇಳ್ತೀನಿ,” ಎಂದು ಲೆಫಾ ಊಟ ಬಿಟ್ಟು ಮೈಕಿನ ಕಡೆ ಹೊರಟ. ತೆಬೊಹೊ ಹಿಂದೆಯೇ ಓಡಿದ.

ನಾನು ಎರಡು ಹೆಜ್ಜೆ ಮುಂದೆ ಹೋದೆ.